ಆರು ಹಡಗುಗಳ ಕರಾರು

ಒಂದು ಜನಾಂಗವು ತನ್ನ ಸ್ವಾತಂತ್ರ್ಯವನ್ನು ಪರರಾಜನಿಗೆ ಒಪ್ಪಿಸುವಾಗ ಪ್ರತಿಫಲವಾಗಿ ಏನನ್ನು ಬೇಡೀತು? ಧನವನ್ನು ಬೇಡಬಹುದು, ಸೈನ್ಯದ ರಕ್ಷಣೆಯನ್ನು ಬೇಡಬಹುದು, ಕಂದಾಯದ ವಿನಾಯಿತಿಯನ್ನು ಬೇಡಬಹುದು. ಉತ್ತರ ಅಟ್ಲಾಂಟಿಕ್ ಮಹಾಸಾಗರದ ನಡುವೆ ಒಂಟಿಯಾಗಿ ಬಿದ್ದಿರುವ ಐಸ್‌ಲೆಂಡ್ ದ್ವೀಪದ ಮುಖಂಡರು ೧೨೬೨ರಲ್ಲಿ ನಾರ್ವೆಯ ದೊರೆ ಹಾಕೋನನಿಗೆ ಅಧೀನರಾಗಲು ಒಡಂಬಟ್ಟಾಗ, ಬೇಡಿಕೆಗಳ ನಡುವೆ ಹಡಗುಗಳನ್ನು ಕೇಳಿದರು. ಮುಂದಿನ ಎರಡು ಬೇಸಗೆಗಳಲ್ಲಿ ವರ್ಷಕ್ಕೆ ಆರು ಹಡಗುಗಳು ನಾರ್ವೆಯಿಂದ ತಮ್ಮ ನಾಡಿಗೆ ಬರತಕ್ಕದ್ದು, ಅನಂತರ ದೊರೆಗೂ ನಾಡಿನ ಹಿರಿಯರಿಗೂ ಉಚಿತವೆಂದು ತೋರಿದಷ್ಟು ಬರತಕ್ಕದ್ದು ಎಂಬುದು "ಹಳೆಯ ಒಡಂಬಡಿಕೆ" ಎಂದು ಪ್ರಸಿದ್ಧವಾದ ಆ ಪತ್ರದ ಒಂದು ಷರತ್ತು. ಆರೇ ಆರು ಹಡಗು! ಈ ಷರತ್ತನ್ನು ಕೇಳಿದವರು ಯಾರೆಂಬುದನ್ನು ನೆನೆದರೆ ಆಶ್ಚರ್ಯವು ಇಮ್ಮಡಿಯಾಗುತ್ತದೆ. ಕೊಲಂಬಸನಿಗಿಂತ ಸುಮಾರು ಐನೂರು ವರ್ಷ ಮೊದಲೇ ಅಮೆರಿಕದ ಕರಾವಳಿಯಲ್ಲಿ ಕಾಲಿಟ್ಟ ನಾವಿಕರ ವಂಶಸ್ಥರು ಇವರು. ಇಂತಹ ಜನರು ಹಡಗಿಗಾಗಿ ಕೈಯೊಡ್ಡುವಂತೆ ಆದುದು ಹೇಗೆ, ಮತ್ತೆ ತಮ್ಮ ಹಡಗನ್ನು ತಾವು ಪಡೆದುದು ಹೇಗೆ ಎಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂದು ಬಹುಕಾಲದಿಂದ ಎಣಿಸಿದ್ದೆವು.

ಮೊದಲು ಭೂಪಟವನ್ನು ನೋಡಬೇಕು. ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು ವಿಸ್ತಾರವುಳ್ಳ ಈ ದ್ವೀಪಕ್ಕೆ ಪೂರ್ವದಲ್ಲಿ ನಾರ್ವೆಯು ಸುಮಾರು ೬೦೦ ಮೈಲು, ಆಗ್ನೇಯದಲ್ಲಿ ಸ್ಕಾಟ್ಲೆಂಡು ಸುಮಾರು ೫೦೦ ಮೈಲು ದೂರ. ಪಶ್ಚಿಮದ ಗ್ರೀನ್‌ಲೆಂಡು ೧೮೦ ಮೈಲುಗಳಷ್ಟು ಹತ್ತಿರವಿದ್ದರೂ ಅದು ಹಿಮದ ಗೋಡೆಯೇ ಹೊರತು ನೆರೆಮನೆಯಲ್ಲ. ಸಮುದ್ರದ ತಳವು ಬಿರಿದು ಕರಗಿದ ಕಲ್ಲು ಮೇಲೆದ್ದು ಬಂದು ಆದ ನಾಡು ಇದು. ನಡುವೆ ಹಿಮದ ಮೇಲ್ಗಾಡು, ಹಿಮದಡಿಯಲ್ಲಿ ಜ್ವಾಲಾಮುಖಿಗಳು. ಜನರು ವಾಸಿಸಬಹುದಾದುದು ಅಂಚಿನಲ್ಲಿ ಮಾತ್ರ. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಹರಿದು ಬರುವ ಬಿಸಿನೀರಿನ ಪ್ರವಾಹದ ಒಂದು ಕವಲು ದಕ್ಷಿಣ ಪಶ್ಚಿಮ ತೀರಗಳನ್ನು ಬಳಸುವುದರಿಂದ ಅಲ್ಲಿನ ಬಂದರುಗಳು ಚಳಿಗಾಲದಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಗ್ರೀನ್‌ಲೆಂಡಿನ ಕಡೆಯಿಂದ ಬರುವ ಶೀತಪ್ರವಾಹವು ಕೆಟ್ಟ ವರ್ಷಗಳಲ್ಲಿ ಉತ್ತರ ತೀರಕ್ಕೆ ಹಿಮಗಡ್ಡೆಗಳನ್ನು ತಂದು ರಾಶಿ ಹಾಕಿ ಕೊಲ್ಲಿಗಳ ಬಾಯನ್ನು ಮುಚ್ಚುತ್ತಿತ್ತು. ಬಿಸಿನೀರೂ ತಣ್ಣೀರೂ ಕೂಡುವ ಸ್ಥಳದಲ್ಲಿ ಮೀನು ಹೇರಳ. ಹೀಗೆ ಪ್ರಕೃತಿಯು ಈ ನಾಡಿಗೆ ಸಮುದ್ರದ ಸಂಪತ್ತನ್ನು ಎರಡು ಕೈಗಳಿಂದಲೂ ಸುರಿದು, ಆ ಸಂಪತ್ತನ್ನು ಎತ್ತಿಕೊಳ್ಳುವ ಉಪಕರಣವನ್ನು ಮಾತ್ರ ಕೊಡದೆ ಹೋಯಿತು.

ನಾರ್ವೆಯಿಂದಲೂ ಬ್ರಿಟಿಷ್ ದ್ವೀಪಗಳಿಂದಲೂ ಜನರು ಇಲ್ಲಿಗೆ ಬಂದು ನೆಲೆಸಿದುದು ಸುಮಾರು ೮೭೦ರಿಂದ ೯೩೦ರ ವರೆಗಿನ ಅವಧಿಯಲ್ಲಿ. ದೊರೆಯಿಲ್ಲದ ಈ ಜನರು ೯೩೦ರಲ್ಲಿ ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ ಆಲ್‌ಥಿಂಗ್ ಎಂಬ ನಾಡಸಭೆಯನ್ನು ಸ್ಥಾಪಿಸಿದರು. ಅವರು ಬಂದ ಹಡಗುಗಳು ಹಲಗೆಯ ಮೇಲೆ ಹಲಗೆ ಹೊದಿಸಿ ಕಬ್ಬಿಣದ ಮೊಳೆ ಬಡಿದು ಕಟ್ಟಿದವು, ಹಾಯಿಯು ಉಣ್ಣೆಯದು, ಮೇಲೆ ಆಕಾಶವೇ ಸೂರು. ದಿಕ್ಸೂಚಿಯು ಆ ಕಾಲದಲ್ಲಿ ಅವರಿಗೆ ತಿಳಿಯದು. ಹಾಗಾದರೆ ದಾರಿ ತಿಳಿಯುತ್ತಿದ್ದುದು ಹೇಗೆ? ನಾಡಿನಲ್ಲಿ ಜನರು ನೆಲೆಸಿದ ವೃತ್ತಾಂತವನ್ನು ಹೇಳುವ ಲಾಂಡ್‌ನಾಮಾಬೋಕ್ ಎಂಬ ಅವರ ಪುರಾತನ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ನಾರ್ವೆಯಿಂದ ಗ್ರೀನ್‌ಲೆಂಡಿಗೆ ಹೋಗುವವನು ನೇರ ಪಶ್ಚಿಮಕ್ಕೆ ನಡೆಯಬೇಕು. ಶೆಟ್ಲೆಂಡ್ ದ್ವೀಪಗಳು ಶುಭ್ರವಾದ ಹವೆಯಲ್ಲಿ ಮಾತ್ರ ಕಾಣುವಷ್ಟು ದೂರದಲ್ಲಿ ಅವುಗಳ ಉತ್ತರಕ್ಕೆ ಹಾಯಬೇಕು. ಫಾರೋ ದ್ವೀಪಗಳ ಬೆಟ್ಟಗಳು ಅರ್ಧದಷ್ಟು ಕಡಲಲ್ಲಿ ಮುಳುಗಿದಂತೆ ತೋರುವ ದೂರದಲ್ಲಿ ಅವುಗಳ ದಕ್ಷಿಣಕ್ಕೆ ಹಾಯಬೇಕು. ಐಸ್‌ಲೆಂಡಿನ ನೆಲವು ಕಾಣದಿದ್ದರೂ ಅಲ್ಲಿನ ಹಕ್ಕಿಗಳೂ ತಿಮಿಂಗಿಲಗಳೂ ಕಾಣುವಷ್ಟು ದಕ್ಷಿಣದಲ್ಲಿ ಅದನ್ನು ದಾಟಬೇಕು. ಭೂಮಿಯ ಗೋಲಾಕಾರದಿಂದ ದೂರದ ಬೆಟ್ಟದ ಬುಡವು ಮರೆಯಾಗುವುದನ್ನೇ ಅಳತೆಗೋಲಾಗಿ ಮಾಡಿಕೊಂಡ ಈ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ದೂರವನ್ನು ಅವರು ಮೈಲಿಯಿಂದ ಎಣಿಸದೆ ದಿನಗಳಿಂದ ಎಣಿಸುತ್ತಿದ್ದರು: ನಾರ್ವೆಯ ಸ್ಟಾಡ್ ಭೂಶಿರದಿಂದ ಐಸ್‌ಲೆಂಡಿನ ಪೂರ್ವದ ಹಾರ್ನ್‌ವರೆಗೆ ಏಳು ದಿನದ ಯಾನ, ಪಶ್ಚಿಮದ ಸ್ನೈಫೆಲ್ಸ್‌ನೆಸ್ ಭೂಶಿರದಿಂದ ಗ್ರೀನ್‌ಲೆಂಡಿಗೆ ನಾಲ್ಕು ದಿನದ ಯಾನ. ಹನ್ನೆರಡನೆಯ ಶತಮಾನದಲ್ಲಿ "ನಕ್ಷತ್ರದ ಓಡಿ" ಎಂಬ ಅಡ್ಡಹೆಸರು ಪಡೆದ ಒಬ್ಬ ಬಡ ಒಕ್ಕಲಾಳು ವರ್ಷದುದ್ದಕ್ಕೂ ಸೂರ್ಯನ ಎತ್ತರವು ಏರಿಳಿಯುವ ಕ್ರಮವನ್ನು ಗಮನಿಸಿ ಕೋಷ್ಟಕ ಮಾಡಿಟ್ಟಿದ್ದನೆಂಬುದೂ ಇಲ್ಲಿ ಉಲ್ಲೇಖಾರ್ಹವಾಗಿದೆ.

ಇಂತಹ ನಾವಿಕರು ಪಶ್ಚಿಮಕ್ಕೆ ಮುಂದುವರಿದುದು ಸಹಜವೇ. ೯೮೫ರ ಸುಮಾರಿಗೆ ಕೆಂಪು ಎರಿಕನ ಮುಖಂಡತ್ವದಲ್ಲಿ ಐಸ್‌ಲೆಂಡಿನಿಂದ ಗ್ರೀನ್‌ಲೆಂಡಿಗೆ ಹೊರಟ ೨೫ ಹಡಗುಗಳಲ್ಲಿ ೧೪ ಮಾತ್ರ ದಡ ಸೇರಿದುವೆಂದು ಹೇಳಿದೆ. ಉಳಿದವು ಮುಳುಗಿದವು, ಇಲ್ಲವೆ ಹಿಂತಿರುಗಿದವು. ಅವನ ಮಗ ಲೀಫನು ಕ್ರಿ. ಶ. ೧೦೦೦ದ ಸುಮಾರಿಗೆ ಅಮೆರಿಕದ ತೀರವನ್ನು ಮುಟ್ಟಿದನು. ಇದು ಬರಿಯ ಕಥೆಯೆಂದು ನಗುತ್ತಿದ್ದವರು ಇದ್ದರು. ೧೯೬೦ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್, ಆನ್ ಸ್ಟಿನೆ ಇಂಗ್‌ಸ್ಟಾಡ್ ಎಂಬ ನಾರ್ವೆಯ ದಂಪತಿಗಳು ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ಆ ಜನರ ಮನೆಗಳ ಅಡಿಪಾಯವನ್ನು ಪತ್ತೆ ಮಾಡಿದ ಮೇಲೆ ನಗುವು ನಿಂತಿತು. ಅಲ್ಲಿ ಲೋಹದ ಕೊಡಲಿಯಿಂದ ಕಡಿದ ಮರಗಳು ೧೦೨೧ರಲ್ಲಿ ಉರುಳಿದವೆಂದು ೨೦೨೧ರಲ್ಲಿ ವಿಜ್ಞಾನಿಗಳು ಸಿದ್ಧಪಡಿಸಿದರು. ಆ ಹೊಸ ನೆಲಗಳಲ್ಲಿ ಒಂದಕ್ಕೆ ಅವರಿಟ್ಟ ಹೆಸರು ಮಾರ್ಕ್‌ಲೆಂಡ್, ಎಂದರೆ ಕಾಡಿನ ನಾಡು. ದ್ರಾಕ್ಷಿಯನ್ನು ಕಂಡ ಸಂತೋಷದ ಮಾತು ಅವರ ಕಥೆಗಳಲ್ಲಿ ಪ್ರಸಿದ್ಧವಾಗಿದೆಯಾದರೂ, ನಮ್ಮ ಕಣ್ಣಿಗೆ ಬೀಳುವುದು ಮರವನ್ನು ಕಂಡು ಅವರು ಪಟ್ಟ ಹಂಬಲ. ಹಿಂತಿರುಗುವಾಗ ಹಡಗುಗಳಲ್ಲಿ ಅವರು ತುಂಬಿಕೊಂಡುದು ಮರವನ್ನೇ.

ಈ ಹಂಬಲಕ್ಕೆ ಕಾರಣವು ಸ್ಪಷ್ಟವಾಗಿದೆ. ಜನರು ಬಂದ ಕಾಲದಲ್ಲಿ ಬೆಟ್ಟದಿಂದ ಕಡಲಿನವರೆಗೂ ಕಾಡಿತ್ತೆಂದು ಹನ್ನೆರಡನೆಯ ಶತಮಾನದ ಚರಿತ್ರಕಾರ ಆರಿ ಬರೆದಿದ್ದಾನೆ. ಆದರೆ ಎಂತಹ ಕಾಡು? ಗಾಳಿಗೆ ಬಾಗಿ ಗಂಟುಗಂಟಾಗಿ ಬೆಳೆದ ಭೂರ್ಜವೃಕ್ಷದ ಕುರುಚಲು. ಒಲೆಗೆ ಸಾಕು, ಇದ್ದಿಲಿಗೆ ಸಾಕು. ಸಾಗರವನ್ನು ದಾಟುವ ಹಡಗಿನ ಅಡಿಮರಕ್ಕೆ ಅದರಲ್ಲಿ ಒಂದು ನೆಟ್ಟನೆಯ ತೊಲೆಯೂ ಹುಟ್ಟದು. ಆ ಕುರುಚಲನ್ನಾದರೂ ಉಳಿಸಿಕೊಂಡರೆ? ಹುಲ್ಲುಗಾವಲಿಗಾಗಿ ಸುಟ್ಟರು, ಕಬ್ಬಿಣ ಕಾಯಿಸಲು ಕಡಿದರು, ಉಳಿದುದನ್ನು ಕುರಿಗಳು ಚಿಗುರಿನಲ್ಲಿಯೇ ಮೇದವು. ಬೇರಿಲ್ಲದ ಮಣ್ಣನ್ನು ಗಾಳಿಯು ಹೊತ್ತುಕೊಂಡು ಹೋಯಿತು. ಸೈಬೀರಿಯದ ನದಿಗಳಲ್ಲಿ ತೇಲಿ, ಹಿಮದೊಡನೆ ವರ್ಷಗಟ್ಟಲೆ ಅಲೆದು ಉತ್ತರ ತೀರಕ್ಕೆ ಬಂದು ಬೀಳುವ ದಿಮ್ಮಿಗಳೇ ಆ ನಾಡಿನ ಮರದ ಖಜಾನೆ. ಯಾವ ದಂಡೆಗೆ ಬಿದ್ದ ದಿಮ್ಮಿ ಯಾರದು ಎಂಬ ಹಕ್ಕಿಗಾಗಿ ಅಲ್ಲಿನ ಚರ್ಚುಗಳೂ ಜಮೀನುದಾರರೂ ಕಾದಾಡಿದುದುಂಟು. ಅದರಿಂದ ಮನೆ ಕಟ್ಟಬಹುದು, ಸಣ್ಣ ದೋಣಿ ಮಾಡಬಹುದು. ದೊಡ್ಡ ಹಡಗು ಬೇಕಾದವನು ನಾರ್ವೆಗೆ ಹೋಗಿ, ತನ್ನ ಉಣ್ಣೆಬಟ್ಟೆಯನ್ನು ಮಾರಿ, ಅಲ್ಲಿನ ಮರದಲ್ಲಿ, ಅಲ್ಲಿನ ಬಡಗಿಯ ಕೈಯಲ್ಲಿ ಕಟ್ಟಿಸಬೇಕಾಯಿತು. ಬಂದವರು ತಂದ ಹಡಗುಗಳು ಒಂದು ತಲೆಮಾರಿನಲ್ಲಿ ಹಳೆಯವಾದವು, ಎರಡರಲ್ಲಿ ಕೊಳೆತವು. ಹದಿಮೂರನೆಯ ಶತಮಾನದ ಹೊತ್ತಿಗೆ ಸಾಗರಯಾನದ ಸ್ವಂತ ಹಡಗುಳ್ಳ ಐಸ್‌ಲೆಂಡಿಗನು ವಿರಳನಾದನು. ಆಗ ಕೊಳ್ಳುವವನೂ ಮಾರುವವನೂ ನಾರ್ವೆಯ ವರ್ತಕನೇ. ದವಸವೂ ಕಬ್ಬಿಣವೂ ಮರವೂ ಅವನ ದಯೆ. ಇದರ ಜೊತೆಗೆ ನಾಡಿನ ಆರೇಳು ಮನೆತನಗಳು ಪರಸ್ಪರ ಕಡಿದಾಡಿ ದೊರೆಯನ್ನು ತಾವಾಗಿಯೇ ಮಧ್ಯಸ್ತಿಕೆಗೆ ಕರೆದವು. ಆರು ಹಡಗುಗಳ ಷರತ್ತಿನ ಹಿಂದೆ ಇರುವ ವೃತ್ತಾಂತ ಇದು.

ಷರತ್ತು ಎಷ್ಟರಮಟ್ಟಿಗೆ ನಡೆಯಿತು? ಹಡಗುಗಳು ಬಾರದ ವರ್ಷಗಳೂ ಉಂಟಾದವು. ಗ್ರೀನ್‌ಲೆಂಡಿನ ವಸಾಹತಿನ ಪಾಡಂತೂ ಇನ್ನೂ ಶೋಚನೀಯ. ೧೩೪೭ರಲ್ಲಿ ಅಲ್ಲಿಂದ ಮಾರ್ಕ್‌ಲೆಂಡಿಗೆ ಹೋಗಿ ಬರುತ್ತಿದ್ದ ಒಂದು ಪುಟ್ಟ ಹಡಗು, ಲಂಗರೂ ಇಲ್ಲದೆ, ಹದಿನೇಳು ಹದಿನೆಂಟು ಜನರನ್ನು ಹೊತ್ತು ದಾರಿತಪ್ಪಿ ಐಸ್‌ಲೆಂಡಿಗೆ ಬಂದು ಸೇರಿತೆಂದು ವರ್ಷಾವಳಿಗಳಲ್ಲಿ ಬರೆದಿದೆ. ಮರಕ್ಕಾಗಿಯೇ ಹೋಗಿದ್ದಿರಬೇಕೆಂದು ವಿದ್ವಾಂಸರ ಊಹೆ. ೧೪೦೮ರಲ್ಲಿ ಅಲ್ಲಿನ ಒಂದು ಚರ್ಚಿನಲ್ಲಿ ನಡೆದ ಮದುವೆಯೇ ಆ ವಸಾಹತಿನ ವಿಷಯವಾಗಿ ದೊರೆಯುವ ಕೊನೆಯ ಲಿಖಿತ ಸಮಾಚಾರ. ಅನಂತರ ಯಾವ ಹಡಗೂ ಸುದ್ದಿ ತರಲಿಲ್ಲ.

ಐಸ್‌ಲೆಂಡಿಗರು ಹಾಗೆ ಅಳಿದುಹೋಗಲಿಲ್ಲ. ಅವರನ್ನು ಉಳಿಸಿದ್ದು ತೆರೆದ ದೋಣಿ. ಆರು, ಎಂಟು ಅಥವಾ ಹತ್ತು ಹುಟ್ಟುಗಳ ಆ ದೋಣಿಗಳ ಜೀವನವನ್ನು ಬಲ್ಲವರಿಗೆ ಅವರು ನಾವಿಕತನವನ್ನು ಮರೆತರೆಂದು ಹೇಳಲು ಬಾಯಿ ಬಾರದು. ಕಾಡ್ ಎಂಬ ಮೀನು ಮೊಟ್ಟೆಯಿಡಲು ದಕ್ಷಿಣ ಪಶ್ಚಿಮ ತೀರಗಳ ಬಿಸಿನೀರಿಗೆ ಬರುವುದು ಚಳಿಗಾಲದ ಕೊನೆಯಲ್ಲಿ. ಆದುದರಿಂದ ಫೆಬ್ರವರಿಯ ಹಿಮದಲ್ಲಿ ಉತ್ತರದ ಒಕ್ಕಲಿಗರು ಮೇಲ್ಗಾಡನ್ನು ಕಾಲ್ನಡೆಯಿಂದ ದಾಟಿ, ಕುರಿಯ ಚರ್ಮದ ಉಡುಪುಗಳನ್ನು ಹೊತ್ತು, ತೀರದ ಕಲ್ಲುಗುಡಿಸಲುಗಳಿಗೆ ಇಳಿಯುತ್ತಿದ್ದರು. ಆ ದಕ್ಷಿಣ ತೀರವನ್ನು ಪ್ರಕೃತಿಯು ಬಂದರಿಗೆ ಯೋಗ್ಯವಾಗಿ ಮಾಡಲಿಲ್ಲ. ಹಿಮನದಿಗಳ ಅಡಿಯಲ್ಲಿ ಜ್ವಾಲಾಮುಖಿಯು ಎದ್ದಾಗಲೆಲ್ಲ ಮಹಾಪ್ರವಾಹವು ಕರಿಯ ಮರಳನ್ನು ನೂಕಿಕೊಂಡು ಬಂದು ಕಡಲಿಗೆ ಚೆಲ್ಲುತ್ತದೆ. ಇದ್ದ ಕೊಲ್ಲಿಗಳು ತುಂಬಿ, ನೂರಾರು ಮೈಲು ತೀರವು ಗೆರೆ ಎಳೆದಂತೆ ನೆಟ್ಟಗಾಗಿದೆ. ಆ ತೀರದುದ್ದಕ್ಕೂ ಸ್ವಾಭಾವಿಕವಾದ ಒಳ್ಳೆಯ ಬಂದರು ಒಂದೇ; ಅದೂ ದಡದಲ್ಲಿಲ್ಲ, ಕಡಲಿನಾಚೆಯ ವೆಸ್ಟ್‌ಮನ್ ದ್ವೀಪಗಳಲ್ಲಿದೆ. ಉಳಿದೆಡೆ ದೋಣಿಯ ಮುಖಂಡನು ಅಲೆಗಳನ್ನೆಣಿಸಿ, ದೊಡ್ಡ ಅಲೆಗಳು ಮುಗಿದು ಒಂದು ಕ್ಷಣ ಸಮುದ್ರವು ಉಸಿರು ಹಿಡಿದಾಗ, ಕೂಗು ಹಾಕಿ ದೋಣಿಯನ್ನು ನುಗ್ಗಿಸಬೇಕು, ಬರುವಾಗಲೂ ಹಾಗೆಯೇ. ಎಣಿಕೆ ತಪ್ಪಿದರೆ ಊರಿನ ಗಂಡಸರಲ್ಲಿ ಆರೆಂಟು ಮಂದಿ ಒಮ್ಮೆಗೇ ಇಲ್ಲ. ಈ ಕೆಲಸದಲ್ಲಿ ಹೆಸರು ಪಡೆದವರಲ್ಲಿ ೧೭೭೭ರಲ್ಲಿ ಹುಟ್ಟಿದ ಥುರಿದುರ್ ಎಂಬ ಹೆಂಗಸೂ ಒಬ್ಬಳು. ಹನ್ನೊಂದನೆಯ ವಯಸ್ಸಿನಲ್ಲಿ ದೋಣಿಯೇರಿದ ಆಕೆ ಮುಂದೆ ತಾನೇ ಮುಖಂಡಳಾಗಿ ಗಂಡಸರನ್ನು ನಡೆಯಿಸಿದಳು. ಅವಳ ದೋಣಿಯಲ್ಲಿ ಒಬ್ಬನೂ ಸಾಯಲಿಲ್ಲವೆಂದು ಪ್ರತೀತಿ.

ಹೀಗೆ ಹಿಡಿದ ಮೀನನ್ನು ಉಪ್ಪಿಡುವಂತಿರಲಿಲ್ಲ. ಕಡಲನೀರನ್ನು ಆರಿಸಲು ನಮ್ಮಲ್ಲಿರುವಂತಹ ಬಿಸಿಲು ಅಲ್ಲಿಲ್ಲ, ಕಾಯಿಸಲು ಸೌದೆಯಿಲ್ಲ. ತಣ್ಣನೆಯ ಗಾಳಿಯೇ ಅದನ್ನು ಕಟ್ಟಿಗೆಯಂತೆ ಒಣಗಿಸುತ್ತಿತ್ತು. ಯೂರೋಪಿನ ಕ್ರೈಸ್ತರ ಉಪವಾಸದ ದಿನಗಳಿಗೆ ಈ ಒಣಮೀನು ಬೇಕಾಗಿದ್ದುದರಿಂದ ಹದಿನೈದನೆಯ ಶತಮಾನದಲ್ಲಿ ಬ್ರಿಸ್ಟಲ್ ಮತ್ತು ಹಲ್ ಪಟ್ಟಣಗಳ ಆಂಗ್ಲರೂ, ಅವರ ಬೆನ್ನಹಿಂದೆ ಹ್ಯಾಂಬರ್ಗಿನ ಜರ್ಮನರೂ ಬಂದು ಮುತ್ತಿದರು. ೧೫೩೨ರಲ್ಲಿ ಗ್ರಿಂಡವಿಕ್ ಎಂಬ ಊರಿನಲ್ಲಿ ಇಬ್ಬರೂ ಬಡಿದಾಡಿದರು. ನಾಡಿನವರಿಗೆ ಅದು ಲಾಭದ ಕಾಲವಾಗಿತ್ತೆಂದೇ ಹೇಳಬೇಕು. ಆ ಲಾಭದಿಂದ ಅವರೇಕೆ ಹಡಗು ಕೊಳ್ಳಲಿಲ್ಲ? ಇಲ್ಲಿ ನಾವು ಒಂದು ಕಹಿಯಾದ ಮಾತನ್ನು ಮರೆಸಲಾರೆವು. ಸಮುದ್ರದ ಕಸುಬು ಬೆಳೆದರೆ ಹೊಲಮನೆಗಳಿಗೆ ಆಳುಗಳು ಸಿಕ್ಕುವುದಿಲ್ಲವೆಂಬ ಭಯವು ಅಲ್ಲಿನ ಜಮೀನುದಾರರಿಗಿತ್ತು. ೧೪೯೦ರ ಒಂದು ತೀರ್ಮಾನದಿಂದ ಪರದೇಶದ ವರ್ತಕರು ಚಳಿಗಾಲದಲ್ಲಿ ನಾಡಿನಲ್ಲಿ ತಂಗುವುದನ್ನು ನಿಷೇಧಿಸಿದರು. ಸಾಕಷ್ಟು ಸ್ವತ್ತಿಲ್ಲದವನು ಯಾವನಾದರೊಬ್ಬ ಒಕ್ಕಲಿಗನ ಮನೆಯಲ್ಲಿ ಆಳಾಗಿಯೇ ಇರತಕ್ಕದ್ದೆಂದು ವಿಧಿಸಿದರು. ಈ ಕಟ್ಟು ಬಹುಮಟ್ಟಿಗೆ ಸಡಿಲವಾದುದು ೧೮೯೪ರಲ್ಲಿ. ದೋಷವೆಲ್ಲವನ್ನೂ ಪರಕೀಯರ ತಲೆಗೆ ಕಟ್ಟುವುದು ದೇಶಾಭಿಮಾನಿಗಳಿಗೆ ಸುಲಭವಾದ ಅಭ್ಯಾಸ. ಚರಿತ್ರೆಯು ಅದಕ್ಕೆ ಅವಕಾಶ ಕೊಡುವುದಿಲ್ಲ.

ಪರಕೀಯರ ಪಾಲೂ ಕಡಿಮೆಯದಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ನಾರ್ವೆಯೊಡನೆ ಐಸ್‌ಲೆಂಡೂ ಡೆನ್ಮಾರ್ಕಿನ ಕಿರೀಟದಡಿಗೆ ಬಂದಿತ್ತು. ೧೬೦೨ರಲ್ಲಿ ಅಲ್ಲಿನ ದೊರೆಯು ಐಸ್‌ಲೆಂಡಿನ ವ್ಯಾಪಾರವೆಲ್ಲವೂ ತಾನು ನೇಮಿಸಿದ ಡೇನ್ ವರ್ತಕರಿಗೇ ಸಲ್ಲತಕ್ಕದ್ದೆಂದು ಆಜ್ಞೆ ಮಾಡಿದನು. ನಾಡನ್ನು ವ್ಯಾಪಾರದ ಹೋಬಳಿಗಳಾಗಿ ಹಂಚಿ, ಒಂದು ಹೋಬಳಿಯವನು ತನ್ನ ಮೀನನ್ನು ಇನ್ನೊಂದು ಹೋಬಳಿಯ ಬಂದರಿನಲ್ಲಿ ಮಾರಕೂಡದೆಂದು ಕಟ್ಟುಮಾಡಿದರು. ಹಾಫ್ನಾರ್‌ಫ್ಯೂರ್ದುರಿನ ವರ್ತಕನಿಗೆ ಮಾರಬೇಕಾಗಿದ್ದ ಕೆಲವು ಮೀನುಗಳನ್ನು ಕೆಫ್ಲವಿಕ್‌ನಲ್ಲಿ ಮಾರಿದ ಅಪರಾಧಕ್ಕಾಗಿ ೧೬೯೯ರಲ್ಲಿ ಹೋಲ್ಮ್‌ಫಾಸ್ತುರ್ ಎಂಬ ಬಡವನನ್ನು ಕಂಬಕ್ಕೆ ಕಟ್ಟಿ ಛಡಿಯಿಂದ ಹೊಡೆದರು. ಎರಡು ಊರುಗಳ ನಡುವೆ ಒಂದು ದಿನದ ದಾರಿಯೂ ಇಲ್ಲ! ವ್ಯಾಪಾರದ ಹಕ್ಕಿನ ಜೊತೆಗೆ ರಕ್ಷಣೆಯ ಹೊಣೆಯನ್ನಾದರೂ ಹೊತ್ತರೇ ಎಂದರೆ ಅದೂ ಇಲ್ಲ. ೧೬೨೭ರಲ್ಲಿ ಉತ್ತರ ಆಫ್ರಿಕದ ಕಡಲ್ಗಳ್ಳರು ವೆಸ್ಟ್‌ಮನ್ ದ್ವೀಪಗಳಿಗೆ ನುಗ್ಗಿ ಸುಮಾರು ೨೪೦ ಜನರನ್ನು ಸೆರೆಹಿಡಿದು ಆಲ್ಜಿಯರ್ಸಿನ ಗುಲಾಮರ ಸಂತೆಯಲ್ಲಿ ಮಾರಿದಾಗ ತಡೆಯಲು ಒಂದು ಹಡಗೂ ಇರಲಿಲ್ಲ. ಹತ್ತು ವರ್ಷಗಳ ಮೇಲೆ ಹಣ ತೆತ್ತು ಬಿಡಿಸಿದವರಲ್ಲಿ ಕೆಲವೇ ಮಂದಿ ಊರನ್ನು ಕಂಡರು.

ಆ ಕಾಲದಲ್ಲಿ ಸಾಗರವನ್ನು ನೋಡಬೇಕೆಂಬ ಹಂಬಲವುಳ್ಳ ಐಸ್‌ಲೆಂಡಿನ ಯುವಕನು ಏನು ಮಾಡಬೇಕಾಗಿತ್ತು? ೧೫೯೩ರಲ್ಲಿ ಹುಟ್ಟಿದ ಯೋನ್ ಓಲಾಫ್‌ಸನ್ ಎಂಬ ಒಕ್ಕಲಿಗರ ಮಗನು ೧೬೧೫ರಲ್ಲಿ ತನ್ನ ಕೊಲ್ಲಿಗೆ ಬಂದಿದ್ದ ಇಂಗ್ಲಿಷ್ ಹಡಗನ್ನೇರಿ ಇಂಗ್ಲೆಂಡಿಗೂ ಅಲ್ಲಿಂದ ಕೋಪನ್‌ಹೇಗನ್ನಿಗೂ ಹೋಗಿ, ಡೇನ್ ದೊರೆಯ ಬಳಿ ಫಿರಂಗಿಯಾಳಾಗಿ ಸೇರಿ, ೧೬೨೨ರಲ್ಲಿ ಹೊರಟು ನಮ್ಮ ಚೋಳಮಂಡಲ ತೀರದ ತರಂಗಂಬಾಡಿಗೇ ಬಂದನು. ಅಲ್ಲಿನ ಕೋಟೆಯನ್ನು ಡೇನರು ಆಗತಾನೆ ಕಟ್ಟಿದ್ದರು. ಮದ್ದು ಸಿಡಿದು ಕೈಗಳು ಹಾಳಾಗಿ ಊರಿಗೆ ಮರಳಿದ ಆತನು ೧೬೬೧ರಲ್ಲಿ ತನ್ನ ಆತ್ಮವೃತ್ತಾಂತವನ್ನು ಬರೆದಿಟ್ಟನು. "ಇಂಡಿಯಾಯಾತ್ರಿ" ಎಂಬುದೇ ಅವನ ಹೆಸರಿಗೆ ಅಂಟಿದ ಬಿರುದು. ಇಷ್ಟು ದೂರ ಬಂದವನು ತನ್ನ ನಾಡಿನ ಒಂದು ಹಲಗೆಯ ಮೇಲೂ ಪ್ರಯಾಣ ಮಾಡಲಿಲ್ಲವೆಂಬುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯ ಖೇದವಾಗುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಸ್ಕೂಲಿ ಮಾಗ್ನುಸ್ಸನ್ ಎಂಬ ಧೀರನು, ಆ ನಾಡಿನವರಲ್ಲಿ ಮೊದಲಿಗೆ ಕೋಶಾಧಿಕಾರಿಯ ಪದವಿಯನ್ನು ಪಡೆದವನು, ರೇಕ್ಯವಿಕ್‌ನಲ್ಲಿ ಉಣ್ಣೆಯ ಕಾರ್ಖಾನೆಗಳನ್ನು ಹೂಡಿ, ಮೀನುಗಾರಿಕೆಗೆ ಮೇಲ್ಹಲಗೆಯುಳ್ಳ ಹಡಗುಗಳನ್ನು ತರಿಸಿದನು. ಹುಳುಹಿಡಿದ ಹಿಟ್ಟನ್ನು ಜನರಿಗೆ ಮಾರಿದ ವರ್ತಕಸಂಘದ ಮೇಲೆ ಮೊಕದ್ದಮೆಯನ್ನೂ ಹೂಡಿದನು. ೧೭೮೩ರಲ್ಲಿ ಲಾಕಿ ಎಂಬಲ್ಲಿ ಭೂಮಿಯು ಬಿರಿದು ಎಂಟು ತಿಂಗಳು ವಿಷಧೂಮವನ್ನುಗುಳಿತು. ಹುಲ್ಲು ಸುಟ್ಟಿತು, ದನಕುರಿ ಸತ್ತವು, ಜನರಲ್ಲಿ ಐದರಲ್ಲೊಂದು ಪಾಲು ಬರಗಾಲಕ್ಕೆ ತುತ್ತಾಯಿತು. ಮೀನು ತುಂಬಿದ ಕಡಲಿನ ಬದಿಯಲ್ಲಿ ಜನರು ಹಸಿವಿನಿಂದ ಸತ್ತರು! ಇದಾದ ಮೇಲೆ ೧೭೮೭ರಲ್ಲಿ ಡೇನ್ ಪ್ರಜೆಗಳೆಲ್ಲರಿಗೂ ವ್ಯಾಪಾರವನ್ನು ತೆರೆದರು. ಎಲ್ಲ ದೇಶಗಳಿಗೂ ತೆರೆದುದು ೧೮೫೫ರಲ್ಲಿ. ಅದಕ್ಕಾಗಿ ಲೇಖನಿಯಿಂದ ಹೋರಾಡಿದವನು ಯೋನ್ ಸಿಗುರ್ದ್‌ಸನ್. ಬಂದೂಕನ್ನು ಹಿಡಿಯದೆ, ಹಳೆಯ ಶಾಸನಪತ್ರಗಳನ್ನು ಹುಡುಕಿ ತೆಗೆದು, ಪತ್ರಿಕೆ ನಡೆಸಿ, ವಾದದಿಂದಲೇ ಒಂದು ಸಾಮ್ರಾಜ್ಯವನ್ನು ಹಿಮ್ಮೆಟ್ಟಿಸಿದ ಆ ಮಹನೀಯನ ವಿಷಯವಾಗಿ ಪತ್ರಿಕಾವೃತ್ತಿಯ ನಮಗೆ ವಿಶೇಷವಾದ ಗೌರವವಿರುವುದು ಸಹಜವಲ್ಲವೆ?

ಆದರೆ ವ್ಯಾಪಾರವು ಮುಕ್ತವಾದರೂ ಹಡಗಿಲ್ಲದವನಿಗೆ ಅದರಿಂದ ಬರುವ ಲಾಭ ಅಷ್ಟಕ್ಕಷ್ಟೆ. ೧೮೯೦ರ ತರುವಾಯ ಆಂಗ್ಲರ ಉಗಿಹಡಗುಗಳು ಕೊಲ್ಲಿಯ ಬಾಯಿಗೇ ಬಂದು ತಳಬಲೆಯಿಂದ ಮೀನನ್ನು ಬಾಚತೊಡಗಿದವು. ೧೮೯೯ರ ಅಕ್ಟೋಬರಿನಲ್ಲಿ ಹಾನೆಸ್ ಹಾಫ್‌ಸ್ಟೈನ್ ಎಂಬ ಜಿಲ್ಲಾಧಿಕಾರಿಯು, ಈತನು ಕವಿಯೂ ಅಹುದು, ಕಾನೂನನ್ನು ಮೀರಿ ಬಲೆಯೆಳೆಯುತ್ತಿದ್ದ ಹಲ್ ಪಟ್ಟಣದ "ರಾಯಲಿಸ್ಟ್" ಎಂಬ ಹಡಗನ್ನು ಹಿಡಿಯಲು ಐದು ಜನರೊಡನೆ ಹುಟ್ಟಿನ ದೋಣಿಯಲ್ಲಿ ಹೋದನು. ಉಗಿಹಡಗಿನೆದುರು ಹುಟ್ಟಿನ ದೋಣಿ! ದೋಣಿಯು ಮಗುಚಿ ಮೂವರು ಮುಳುಗಿ ಸತ್ತರು. ಹಾನೆಸನು ಸಾವಿನ ಬಾಯಿಂದ ಪಾರಾದನು. ೧೯೦೪ರಲ್ಲಿ ನಾಡಿಗೆ ಸ್ವಂತ ಮಂತ್ರಿಯ ಆಡಳಿತವು ದೊರೆತಾಗ ಮೊದಲನೆಯ ಮಂತ್ರಿಯಾದವನು ಈತನೇ. ಅದೇ ದಶಕದಲ್ಲಿ ಮಾರ್ಪಾಟು ವೇಗವಾಗಿ ಬಂದಿತು. ೧೯೦೨ರಲ್ಲಿ ಈಸಾಫ್ಯೂರ್ದುರಿನ ಒಂದು ದೋಣಿಗೆ ಎಂಜಿನು ಕೂಡಿಸಿದರು. ೧೯೦೭ರಲ್ಲಿ ಐಸ್‌ಲೆಂಡಿಗರಿಗಾಗಿಯೇ ಕಟ್ಟಿದ ಮೊದಲನೆಯ ಬಲೆಹಡಗು ಬಂದಿತು. ಅದಕ್ಕಿಟ್ಟ ಹೆಸರು ಯೋನ್ ಸಿಗುರ್ದ್‌ಸನ್ನನದೇ. ಕಾಡು ಬೆಳೆಯಲಿಲ್ಲ, ಹಡಗಿಗೆ ಕಾಡು ಬೇಕೆಂಬ ಯುಗವೇ ಮುಗಿದಿತ್ತು. ಕಬ್ಬಿಣದ ಹಡಗಿನ ಮುಂದೆ ಮರವಿದ್ದ ನಾಡೂ ಮರವಿಲ್ಲದ ನಾಡೂ ಸಮಾನವಾದವು; ಬೇಕಾದುದು ಹಣ ಮತ್ತು ಒಗ್ಗಟ್ಟು.

ಆ ಒಗ್ಗಟ್ಟನ್ನು ಅವರು ತೋರಿಸಿದರು. ೧೯೧೪ರ ಜನವರಿ ೧೭ರಂದು ಐಸ್‌ಲೆಂಡಿನ ಉಗಿಹಡಗು ಸಂಘವು ಸ್ಥಾಪಿತವಾಯಿತು. ಆಗ ನಾಡಿನ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಒಕ್ಕಲಿಗರು, ದೋಣಿಯಾಳುಗಳು, ಹಿಮದ ವರ್ಷಗಳಿಗಂಜಿ ಕೆನಡಾಕ್ಕೆ ವಲಸೆಹೋದವರು, ಹೀಗೆ ಸಾವಿರಾರು ಮಂದಿ ಸಣ್ಣ ಸಣ್ಣ ಷೇರುಗಳನ್ನು ಕೊಂಡರು. ಅದಕ್ಕೆ ಜನರು "ನಾಡಿನ ಮುದ್ದುಮಗು" ಎಂದು ಹೆಸರಿಟ್ಟರು. ಹಡಗುಗಳಿಗೆ ತಮ್ಮ ಜಲಪಾತಗಳ ಹೆಸರುಗಳನ್ನು ಕೊಟ್ಟರು. ಮೊದಲನೆಯದಾದ "ಗುಲ್‌ಫಾಸ್" ಕೋಪನ್‌ಹೇಗನ್ನಿನ ಕಾರ್ಖಾನೆಯಲ್ಲಿಯೇ ಸಿದ್ಧವಾಗಿ ೧೯೧೫ರ ಏಪ್ರಿಲಿನಲ್ಲಿ ರೇಕ್ಯವಿಕ್‌ಗೆ ಬಂದಿತು. ಆಗ್ಗೆ ಮಹಾಯುದ್ಧವು ಹತ್ತಿಕೊಂಡಿತ್ತು. ಡೆನ್ಮಾರ್ಕಿನ ದಾರಿ ದುರ್ಗಮವಾದಾಗ ನಾಡಿನ ಹಡಗುಗಳು ನ್ಯೂಯಾರ್ಕಿಗೆ ಹೋಗಿ ದವಸವನ್ನು ತಂದವು. ಲೀಫನು ಹೋದ ದಿಕ್ಕಿಗೆ ಒಂಬೈನೂರು ವರ್ಷಗಳ ಮೇಲೆ ಅವನ ನಾಡಿನ ಹಡಗು ಮತ್ತೆ ಹೋಯಿತು. ೧೯೧೮ರ ಡಿಸೆಂಬರ್ ೧ರಂದು ಡೆನ್ಮಾರ್ಕು ಐಸ್‌ಲೆಂಡನ್ನು ಸ್ವತಂತ್ರ ರಾಜ್ಯವೆಂದು ಒಪ್ಪಿಕೊಂಡಿತು. ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ನಡೆದುದನ್ನು ವಾಚಕರು ಬಲ್ಲರು: ೧೯೦೬ರಲ್ಲಿ ತೂತ್ತುಕುಡಿಯಲ್ಲಿ ವ. ಉ. ಚಿದಂಬರಂ ಪಿಳ್ಳೆಯವರು ಸ್ಥಾಪಿಸಿದ ಸ್ವದೇಶೀ ಹಡಗು ಕಂಪೆನಿಯನ್ನು ಬ್ರಿಟಿಷ್ ಕಂಪೆನಿಯು ದರ ಇಳಿಸಿ ಹಿಸುಕಿತು, ಸರ್ಕಾರವು ೧೯೦೮ರಲ್ಲಿ ಪಿಳ್ಳೆಯವರನ್ನೇ ಸೆರೆಮನೆಗೆ ಕಳುಹಿಸಿತು. ೧೯೧೯ರ ಏಪ್ರಿಲ್ ೫ರಂದು ಸಿಂಧಿಯಾ ಕಂಪೆನಿಯ "ಲಾಯಲ್ಟಿ" ಮುಂಬಯಿಯಿಂದ ಲಂಡನ್ನಿಗೆ ಹೊರಟ ದಿನವನ್ನು ನಾವು ಈಗಲೂ ರಾಷ್ಟ್ರೀಯ ನೌಕಾಯಾನದ ದಿನವೆಂದು ಆಚರಿಸುತ್ತೇವೆ.

ಎರಡನೆಯ ಮಹಾಯುದ್ಧದಲ್ಲಿ ಈ ಮುದ್ದುಮಗುವಿನ ಮೇಲೆ ಪೆಟ್ಟು ಬಿದ್ದಿತು. ೧೯೪೪ರ ಜೂನ್ ೧೭ರಂದು, ಯೋನ್ ಸಿಗುರ್ದ್‌ಸನ್ನನ ಜನ್ಮದಿನದಂದೇ, ಹಳೆಯ ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಗಣರಾಜ್ಯದ ಘೋಷಣೆಯಾಗಿ ಐದು ತಿಂಗಳೂ ತುಂಬಿರಲಿಲ್ಲ. ನವಂಬರ್ ೧೦ರಂದು "ಗೋದಾಫಾಸ್" ಹಡಗು ನ್ಯೂಯಾರ್ಕಿನಿಂದ ಮರಳುತ್ತ ರೇಕ್ಯವಿಕ್ ಇನ್ನೇನು ಬಂದಿತೆನ್ನುವಾಗ ಜರ್ಮನರ ಜಲಾಂತರ್ಗಾಮಿಯ ಪೆಟ್ಟಿಗೆ ಮುಳುಗಿ ೨೪ ಐಸ್‌ಲೆಂಡಿಗರು ಸತ್ತರು.

ಗಣರಾಜ್ಯವಾದ ಮೇಲೆ ಉಳಿದ ಪ್ರಶ್ನೆ ಕಡಲಿನದು. ಐಸ್‌ಲೆಂಡಿಗರನ್ನು ಕೇಳದೆ ಡೆನ್ಮಾರ್ಕು ೧೯೦೧ರಲ್ಲಿ ಬ್ರಿಟನ್ನಿನೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ ಐವತ್ತು ವರ್ಷಗಳ ಕಾಲ ತೀರದಿಂದ ಮೂರೇ ಮೈಲು ಅವರ ಪಾಲಿನದಾಗಿತ್ತು. ಅವಧಿ ಮುಗಿದೊಡನೆ ೧೯೫೨ರಲ್ಲಿ ನಾಲ್ಕು ಮೈಲು, ೧೯೫೮ರಲ್ಲಿ ಹನ್ನೆರಡು, ೧೯೭೨ರಲ್ಲಿ ಐವತ್ತು, ೧೯೭೫ರಲ್ಲಿ ಇನ್ನೂರು ಮೈಲುಗಳೆಂದು ಅವರು ಗಡಿಯನ್ನು ಹಿಗ್ಗಿಸುತ್ತ ಹೋದರು. ಬ್ರಿಟನ್ನು ಯುದ್ಧನೌಕೆಗಳನ್ನು ಕಳುಹಿಸಿತು. ಸೈನ್ಯವೇ ಇಲ್ಲದ ನಾಡು ತನ್ನ ಕೆಲವೇ ಕಾವಲುಹಡಗುಗಳಿಗೆ ಒಂದು ಕೊಕ್ಕೆಗತ್ತರಿಯನ್ನು ಕಟ್ಟಿ, ಪರರ ಬಲೆಯ ಉಕ್ಕಿನ ಹಗ್ಗವನ್ನು ಕತ್ತರಿಸಿ ಬಲೆಯನ್ನು ಕಡಲಿನ ಪಾಲು ಮಾಡತೊಡಗಿತು. ಹಡಗುಗಳು ಒಂದನ್ನೊಂದು ಗುದ್ದಿದವು. ಅವರ ಕೈಯಲ್ಲಿದ್ದ ಇನ್ನೊಂದು 'ಆಯುಧ'ವೂ ಭೂಗೋಳವೇ: ಅಟ್ಲಾಂಟಿಕ್ಕಿನ ನಡುವೆ ರಷ್ಯದ ಜಲಾಂತರ್ಗಾಮಿಗಳನ್ನು ಕಾಯಲು ಅಮೆರಿಕಕ್ಕೆ ಆ ನೆಲವು ಬೇಕಾಗಿತ್ತು. ಒಂಟಿತನದಿಂದ ಸೊರಗಿದ್ದ ನಾಡಿಗೆ ಆ ಒಂಟಿತನವೇ ಬೆಲೆಯನ್ನು ತಂದಿತು. ೧೯೭೬ರ ಜೂನಿನಲ್ಲಿ ಬ್ರಿಟನ್ನು ಒಪ್ಪಿತು. ಅದೇ ವರ್ಷ ಭಾರತವೂ ಕಾಯಿದೆ ಮಾಡಿ ಇನ್ನೂರು ಮೈಲುಗಳ ಕಡಲಿನ ಮೇಲೆ ತನ್ನ ಹಕ್ಕನ್ನು ಸಾರಿತು. ಕಾರವಾರ, ಮಲ್ಪೆಗಳ ಮೀನುಗಾರರ ಮುಂದಿರುವ ನೀರು ಇಂದು ನಮ್ಮದೆನ್ನಿಸಿಕೊಳ್ಳುವುದು ಆ ಕಾಯಿದೆಯಿಂದಲೇ.

ಇನ್ನು ವೆಸ್ಟ್‌ಮನ್ ದ್ವೀಪಗಳ ಮಾತನ್ನು ಹೇಳಿ ಮುಗಿಸುತ್ತೇವೆ. ೧೯೭೩ರ ಜನವರಿ ೨೩ರ ನಡುರಾತ್ರಿ ಕಳೆದ ಮೇಲೆ, ಜನವಸತಿಯುಳ್ಳ ಹೈಮಾಯೆ ದ್ವೀಪದಲ್ಲಿ ಊರಿನ ಅಂಚಿಗೇ ಭೂಮಿಯು ಬಿರಿದು ಬೆಂಕಿಯ ಗೋಡೆಯೆದ್ದಿತು. ಊರಿನಲ್ಲಿದ್ದವರು ಸುಮಾರು ೫,೩೦೦ ಜನ. ಹಿಂದಿನ ದಿನ ಬಿರುಗಾಳಿಯಿದ್ದುದರಿಂದ ಮೀನುಹಡಗುಗಳೆಲ್ಲ ಬಂದರಿನಲ್ಲಿಯೇ ನಿಂತಿದ್ದವು, ಗಾಳಿ ತಗ್ಗಿತ್ತು. ಬೆಳಗಾಗುವುದರೊಳಗೆ ಹೆಚ್ಚುಕಡಿಮೆ ಊರಿಗೆ ಊರೇ ಆ ಹಡಗುಗಳಲ್ಲಿ ದೊಡ್ಡ ದ್ವೀಪಕ್ಕೆ ದಾಟಿತು. ೧೬೨೭ರಲ್ಲಿ ಹಡಗಿಲ್ಲದೆ ಸೆರೆಸಿಕ್ಕಿದ ಊರು ಇದೇ. ಕರಗಿದ ಕಲ್ಲಿನ ಹೊಳೆಯು ಸುಮಾರು ೪೦೦ ಮನೆಗಳನ್ನು ನುಂಗಿ ಬಂದರಿನ ಬಾಯಿಯ ಕಡೆಗೆ ತಿರುಗಿತು. ಮನೆ ಹೋದರೆ ಕಟ್ಟಬಹುದು; ಆ ತೀರದ ಒಂದೇ ಒಂದು ಬಂದರು ಮುಚ್ಚಿದರೆ ಊರಿಗೆ ಮರಳುವ ಕಾರಣವೇ ಇರದು. ಹಡಗುಗಳಿಂದಲೂ ದಡದಿಂದಲೂ ಪಂಪುಗಳನ್ನು ಹಚ್ಚಿ, ತಿಂಗಳುಗಟ್ಟಲೆ ಹಗಲಿರುಳು ಕಡಲನೀರನ್ನು ಆ ಬೆಂಕಿಯ ಮೇಲೆ ಸುರಿದು ಅದನ್ನು ಗಡ್ಡೆಗಟ್ಟಿಸಿದರು. ಜುಲೈ ತಿಂಗಳ ಮೊದಲಲ್ಲಿ ಬೆಂಕಿಯು ಆರಿತು. ಬಂದರಿನ ಬಾಯಿ ಕಿರಿದಾಗಿ ಉಳಿಯಿತು. ಅದರ ಪೂರ್ವಕ್ಕೆ ಹೊಸದಾಗಿ ಎದ್ದುನಿಂತ ಕಲ್ಲಿನ ಗೋಡೆಯು ಬಿರುಗಾಳಿಯನ್ನು ತಡೆಯುವುದರಿಂದ ಅಲ್ಲಿ ಹಡಗುಗಳು ಈಗ ಮೊದಲಿಗಿಂತ ನೆಮ್ಮದಿಯಾಗಿ ನಿಲ್ಲುತ್ತವೆ.